ಮುಟ್ಟು ನಿಲ್ಲೋ ವಯಸ್ಸು: ಸಹಿಸಿಕೊಳ್ಳೋ ಮೊದಲು, ತೆಗೆಸೋ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಬರೆದವರೆಲ್ಲ ನಲವತ್ತು ದಾಟಿದವರು. ಮನೆಯಲ್ಲಿ ಹೇಳಿಕೊಂಡರೆ ‘ವಯಸ್ಸಾಯ್ತಲ್ಲ, ಸಹಿಸ್ಕೋ’ ಅಂತಾರೆ. ಹೊರಗೆ ಹೋದರೆ ‘ಗರ್ಭಕೋಶ ತೆಗೆಸಿಬಿಡಿ’ ಅಂತಾರೆ. ಇವೆರಡರ ನಡುವೆ ಮಾಡೋದಕ್ಕೆ ಬೇಕಾದಷ್ಟಿದೆ, ಅದನ್ನು ಹೇಳೋರೇ ಕಡಿಮೆ. ಹೆಸರು ಬಿಟ್ಟು, ಊರು ಮಾತ್ರ ಹಾಕಿ ಆರು ಪತ್ರಗಳಿಗೆ ಉತ್ತರ ಬರೆದಿದ್ದೇನೆ.

ಪ್ರಶ್ನೆ (ಶಿಡ್ಲಘಟ್ಟ): ಮೇಡಂ, ನನಗೆ 47. ರೇಷ್ಮೆ ನೂಲು ಬಿಚ್ಚೋ ಕೆಲಸ, ಗೂಡು ಬೇಯೋ ಬಿಸಿನೀರಿನ ಮುಂದೆ ದಿನಪೂರ್ತಿ ಇರ್ತೀನಿ. ಈಚೆಗೆ ಎದೆಯಿಂದ ಕತ್ತು, ಮುಖಕ್ಕೆ ಧಗ್ ಅಂತ ಬಿಸಿ ಏರತ್ತೆ, ಬೆವರಿಗೆ ರವಿಕೆ ಒದ್ದೆಯಾಗತ್ತೆ. ಜೊತೆಯವರು ‘ಹಬೆಗೆ ಕಣೇ’ ಅಂತಾರೆ. ರಾತ್ರಿ ಎರಡು ಗಂಟೆಗೂ ಹೀಗೇ ಆಗಿ ಎದ್ದು ಕೂರ್ತೀನಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರ್ತಿದೆ. ಜೀರಿಗೆ ನೀರು ಕುಡಿದ್ರೂ ಉಷ್ಣ ಇಳಿದಿಲ್ಲ.

ಉತ್ತರ: ರಾತ್ರಿ ಎರಡು ಗಂಟೆಗೆ ಹಾಸಿಗೆ ಪಕ್ಕ ಬಿಸಿನೀರಿನ ತೊಟ್ಟಿ ಇರೋದಿಲ್ಲ ಅಲ್ವಾ? ಹಾಗಾಗಿ ಹಬೆಯೊಂದನ್ನೇ ದೂರಬೇಡಿ. ಇದು ಮುಟ್ಟು ನಿಲ್ಲೋ ಹೊತ್ತಿನ ಬಿಸಿ. ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಏರುಪೇರಾಗುತ್ತಾ ಇಳಿಯುವಾಗ, ಮೈಯ ಕಾವನ್ನು ಹದದಲ್ಲಿಡುವ ಮೆದುಳಿನ ಭಾಗ ತೀರಾ ಸೂಕ್ಷ್ಮವಾಗಿಬಿಡುತ್ತದೆ. ಚೂರು ಬಿಸಿ ಹೆಚ್ಚಾದರೂ ಸಾಕು, ಮೈ ಕಾದಿದೆ ಅಂತ ತಿಳಿದು ಚರ್ಮಕ್ಕೆ ರಕ್ತ ನುಗ್ಗಿಸಿ ಬೆವರು ಸುರಿಸುತ್ತದೆ. ಒಂದೊಂದು ಸಲ ಬಂದಾಗ 1ರಿಂದ 5 ನಿಮಿಷ ಇರುತ್ತದೆ. ನಿಮ್ಮ ಕೆಲಸದ ಜಾಗದಲ್ಲಿ ಮೊದಲೇ ಸೆಕೆ, ಆದ್ದರಿಂದ ಬೇರೆಯವರಿಗಿಂತ ಜಾಸ್ತಿ ಸಲ ಬರುತ್ತಿರಬಹುದು.

ಬಾಗಿಲು ಕಿಟಕಿ ಹತ್ತಿರದ ಜಾಗ ಕೇಳಿ ನೋಡಿ. ಒಂದು ಒದ್ದೆ ಬಟ್ಟೆ ಇಟ್ಟುಕೊಂಡು, ಬಿಸಿ ಶುರುವಾಗೋ ಸುಳಿವು ಸಿಕ್ಕ ತಕ್ಷಣ ಕತ್ತಿನ ಹಿಂದೆ ಒತ್ತಿಕೊಳ್ಳಿ. ನೈಲಾನ್ ಸೀರೆ ಬಿಟ್ಟು ಹತ್ತಿ ಉಡಿ. ಕಾಫಿ, ಟೀ, ಜಾಸ್ತಿ ಖಾರ ಕೆಲವರಿಗೆ ಇದನ್ನು ಕೆರಳಿಸುತ್ತವೆ, ಒಂದು ವಾರ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಜೀರಿಗೆ ನೀರು ಕುಡಿಯಿರಿ, ತೊಂದರೆಯಿಲ್ಲ, ಆದರೆ ಅದು ಹಾರ್ಮೋನ್ ತಂದುಕೊಡೋದಿಲ್ಲ. ಒಂದು ಸಲ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅದು ಹೆಚ್ಚಾದರೂ ಹೀಗೇ ಬೆವರುತ್ತದೆ.

ನಿದ್ದೆ ಹಾಳಾಗಿ ಕೆಲಸ ಮಾಡೋಕೇ ಆಗ್ತಿಲ್ಲ ಅಂದರೆ ಔಷಧಿ ಇದೆ. ಕಡಿಮೆಯಾದ ಹಾರ್ಮೋನನ್ನೇ ಔಷಧಿಯಾಗಿ ಕೊಡೋ ಹಾರ್ಮೋನ್ ಚಿಕಿತ್ಸೆ ಅಂದರೆ ನಮ್ಮ ಕಡೆ ಹೆದರುತ್ತಾರೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚುತ್ತದೆ ಅಂದಿದ್ದೇ ಆ ಹೆದರಿಕೆಗೆ ಕಾರಣ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ನಿಮ್ಮಂಥವರಲ್ಲ. 60ರೊಳಗೆ, ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ. ಗರ್ಭಕೋಶ ಇದ್ದವರು ಈಸ್ಟ್ರೋಜೆನ್ ಒಂದನ್ನೇ ತಗೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ, ಪಾರ್ಶ್ವವಾಯು ಆದವರಿಗೆ ಇದು ಬೇಡ. ಅವರಿಗೆ ಹಾರ್ಮೋನ್ ಇಲ್ಲದ ಬೇರೆ ಮಾತ್ರೆಗಳಿವೆ. ಯಾವುದನ್ನೇ ಆಗಲಿ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡು ನುಂಗಬೇಡಿ.

ಪ್ರಶ್ನೆ (ತುಮಕೂರು): ವಯಸ್ಸು 44. ಮುಟ್ಟಾದರೆ ಹತ್ತು ದಿನ, ಗಡ್ಡೆ ಗಡ್ಡೆಯಾಗಿ ಹೋಗುತ್ತೆ. ಹಿಮೋಗ್ಲೋಬಿನ್ 8 ಇದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ 2 ಸೆಂ.ಮೀ. ಗೆಡ್ಡೆ ಅಂದ್ರು. ‘ಮಕ್ಕಳಾಗಿವೆ, ಇನ್ನೇನಕ್ಕೆ ಬೇಕು, ತೆಗೆಸಿ’ ಅಂದರು ಒಬ್ಬ ಡಾಕ್ಟರು. ಯಜಮಾನರು ದುಡ್ಡು ಹೊಂದಿಸುತ್ತಿದ್ದಾರೆ.

ಉತ್ತರ: ಮೊದಲು ಯಜಮಾನರಿಗೆ ಸ್ವಲ್ಪ ತಡೆಯೋಕೆ ಹೇಳಿ. ‘ಇನ್ನೇನಕ್ಕೆ ಬೇಕು’ ಅನ್ನೋದು ಆಪರೇಷನ್‌ಗೆ ಕಾರಣವೇ ಅಲ್ಲ, ಇದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬೇಡದ ಕಡೆ ಗರ್ಭಕೋಶ ತೆಗೆಯೋದು ಎಷ್ಟು ಹೆಚ್ಚಿದೆ ಅಂದರೆ, ಅದನ್ನು ತಡೆಯೋ ಮಾರ್ಗಸೂಚಿ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ನಿಮಗೆ ಈಗ ತುರ್ತಾಗಿ ಆಗಬೇಕಿರೋದು ರಕ್ತ ಹೆಚ್ಚಿಸಿಕೊಳ್ಳೋದು. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೇ ರಕ್ತಹೀನತೆ, ನಿಮ್ಮದು 8. ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತಗೊಳ್ಳಿ. ಟೀ, ಕಾಫಿ, ಹಾಲಿನ ಜೊತೆ ತಗೊಂಡರೆ ಅರ್ಧಕ್ಕರ್ಧ ದಂಡ. ಮಲ ಕಪ್ಪಗಾದರೆ ಗಾಬರಿ ಬೇಡ. ಮಾತ್ರೆ ಹಿಡಿಸದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡುತ್ತಾರೆ.

ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಸ್ರಾವದ ದಿನಗಳಲ್ಲಿ ಮಾತ್ರ ತಗೊಳ್ಳೋದು. ಹಾರ್ಮೋನ್ ಮಾತ್ರೆಗಳಿವೆ. ಕಾಪರ್ ಟಿ ಥರದ್ದೇ, ಆದರೆ ಹಾರ್ಮೋನ್ ಇರುವ ಒಂದು ಸಾಧನ ಗರ್ಭಕೋಶದೊಳಗೆ ಇಟ್ಟರೆ ಐದು ವರ್ಷ ಸ್ರಾವ ಹತೋಟಿಯಲ್ಲಿರುತ್ತದೆ. ಇವಕ್ಕಿಂತ ಮುಂಚೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ. ನಿಮ್ಮ ವಯಸ್ಸಿಗೆ ಆ ಪ್ರಶ್ನೆ ಕೇಳಲೇಬೇಕು. 2 ಸೆಂ.ಮೀ. ಗೆಡ್ಡೆ ದೊಡ್ಡದೇನಲ್ಲ. ಮುಟ್ಟು ನಿಂತ ಮೇಲೆ ಇಂಥವು ಸಾಮಾನ್ಯವಾಗಿ ತಾನಾಗೇ ಕುಗ್ಗುತ್ತವೆ, ನಮ್ಮ ದೇಶದಲ್ಲಿ ಮುಟ್ಟು ಸರಾಸರಿ 46–47ಕ್ಕೇ ನಿಲ್ಲುತ್ತದೆ. ಔಷಧಿ ಸೋತರೆ, ಗೆಡ್ಡೆ ದೊಡ್ಡದಾದರೆ, ಬಯಾಪ್ಸಿಯಲ್ಲಿ ಕೆಟ್ಟದ್ದೇನಾದರೂ ಸಿಕ್ಕರೆ ಆಗ ಆಪರೇಷನ್ ಸರಿಯಾದ ದಾರಿಯೇ. ಆಗಲೂ ‘ಅಂಡಾಶಯ ಉಳಿಸ್ತೀರಾ?’ ಅಂತ ಕೇಳಿ. ಈ ವಯಸ್ಸಿಗೆ ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲೋ ತೊಂದರೆಗಳೆಲ್ಲ ಒಂದೇ ಏಟಿಗೆ ಬರುತ್ತವೆ, ಮೂಳೆಗೂ ಹೃದಯಕ್ಕೂ ಪೆಟ್ಟು.

ಪ್ರಶ್ನೆ (ಶ್ರೀನಿವಾಸಪುರ): 56 ವರ್ಷ. ಮುಟ್ಟು ನಿಂತು ಆರು ವರ್ಷವಾಗಿದೆ. ಹೋದ ವಾರ ಎರಡು ದಿನ ಬಟ್ಟೆಯಲ್ಲಿ ರಕ್ತದ ಕಲೆ. ಮಾವಿನಹಣ್ಣು ಜಾಸ್ತಿ ತಿಂದು ಉಷ್ಣ ಆಗಿರಬಹುದಾ?

ಉತ್ತರ: ಇಲ್ಲ ಅಮ್ಮ. ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಒಂದೇ ಒಂದು ತೊಟ್ಟು ರಕ್ತ ಕಂಡರೂ ತೋರಿಸಬೇಕು. ಹತ್ತರಲ್ಲಿ ಒಂಬತ್ತು ಜನಕ್ಕೆ ಕಾರಣ ಸಣ್ಣದೇ ಇರುತ್ತದೆ, ಉಳಿದ ಒಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಇರಬಹುದು. ಬೇಗ ಸಿಕ್ಕರೆ ಅದು ಚೆನ್ನಾಗಿ ವಾಸಿಯಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿ.ಮೀ.ಗಿಂತ ದಪ್ಪ ಇದ್ದರೆ ಬಯಾಪ್ಸಿ ಮಾಡುತ್ತಾರೆ. ಕಲೆ ನಿಂತಿದೆ ಅಂತ ಸುಮ್ನಾಗಬೇಡಿ, ಈ ವಾರವೇ ಹೋಗಿ.

ಪ್ರಶ್ನೆ (ಪಾವಗಡ): ನನಗೆ 52, ಮಂಡಿ, ಸೊಂಟ, ಕತ್ತು ಎಲ್ಲಾ ನೋವು, ಬೆಳಗ್ಗೆ ಎದ್ದರೆ ಬಿಗಿ. ದಿನಾ ರಾಗಿ ಮುದ್ದೆ ತಿಂತೀವಲ್ಲ, ಮೂಳೆ ಹೇಗೆ ಸವೆಯುತ್ತೆ?

ಉತ್ತರ: ಮುದ್ದೆ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹೆಚ್ಚೇನಿಲ್ಲ. ಆದರೆ ಈ ವಯಸ್ಸಿಗೆ ದಿನಕ್ಕೆ 1000ದಿಂದ 1200 ಬೇಕು. ಮುದ್ದೆ ಜೊತೆಗೆ ಮಜ್ಜಿಗೆ, ಹಾಲು, ಎಳ್ಳು, ನುಗ್ಗೆಸೊಪ್ಪು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಮೂಳೆ ಜೋರಾಗಿ ಸವೆಯೋದು ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲೇ. ಬಿಸಿಲಿಗೆ ಮೈಯೊಡ್ಡಿ, ನಡೆಯಿರಿ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ಆದರೆ ನಿಮ್ಮ ಊರಿನ ಹೆಸರು ನೋಡಿ ನನಗೆ ಇನ್ನೊಂದು ಅನುಮಾನ. ಪಾವಗಡ, ಕೋಲಾರ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕತ್ತು, ಬೆನ್ನು, ಮಂಡಿ ಹೀಗೇ ಬಿಗಿಯುತ್ತವೆ. ಎಲ್ಲಾ ನೋವನ್ನೂ ಮುಟ್ಟು ನಿಂತಿದ್ದರ ತಲೆಗೆ ಕಟ್ಟಬೇಡಿ. ಕಾಯಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಬತ್ತಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯೋಕೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರು ತನ್ನಿ, ಡಾಕ್ಟರಿಗೆ ಎಷ್ಟು ವರ್ಷದಿಂದ ಬೋರ್ ನೀರು ಕುಡಿದಿರಿ ಅಂತ ಹೇಳಿ.

ಪ್ರಶ್ನೆ (ಗುಬ್ಬಿ): ಹೇಳಿಕೊಳ್ಳೋಕೆ ನಾಚಿಕೆ. ಮುಟ್ಟು ನಿಂತ ಮೇಲೆ ಒಳಗೆ ಒಣಗಿದ ಹಾಗೆ, ಉರಿ. ಮೇಲಿಂದ ಮೇಲೆ ಉರಿಮೂತ್ರ. ಗಂಡನ ಹತ್ತಿರ ಹೋಗೋಕೇ ಭಯ.

ಉತ್ತರ: ನಾಚಿಕೆಯಿಂದ ಎಷ್ಟೋ ಹೆಂಗಸರು ಮುದುಕಿಯರಾಗೋವರೆಗೂ ಇದನ್ನು ಬಾಯಿಬಿಟ್ಟು ಹೇಳೋದಿಲ್ಲ. ಬಿಸಿ ಏರೋದಾದರೂ ಕಾಲಕ್ರಮೇಣ ಕಡಿಮೆಯಾಗುತ್ತದೆ, ಇದು ತಾನಾಗೇ ವಾಸಿಯಾಗೋದು ಅಪರೂಪ. ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಇದೆ, ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ ಯೋನಿಯ ಒಳಗೆ ಹಚ್ಚೋದು. ರಕ್ತಕ್ಕೆ ಸೇರೋದು ತೀರಾ ಕಡಿಮೆ. ಉರಿಮೂತ್ರವೂ ಇದರಿಂದ ಕಡಿಮೆಯಾಗುತ್ತದೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯೋದನ್ನು ಇವತ್ತೇ ಬಿಡಿ. ಯಜಮಾನರಿಗೆ ‘ಮನಸ್ಸಿಲ್ಲ ಅಂತಲ್ಲ, ನೋವಾಗುತ್ತೆ’ ಅಂತ ಬಿಡಿಸಿ ಹೇಳಿ.

ಪ್ರಶ್ನೆ (ಮಾಲೂರು): 48. ಏಳು ತಿಂಗಳಿಂದ ಮುಟ್ಟಿಲ್ಲ. ಇನ್ನು ಗರ್ಭ ನಿಲ್ಲೋ ಭಯ ಇಲ್ಲ ಅಲ್ವಾ?

ಉತ್ತರ: ಇದೆ. 50ರೊಳಗಿನವರು ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ದಾಟಿದವರು ಒಂದು ವರ್ಷ ಎಚ್ಚರವಾಗಿರಬೇಕು. ಮೊದಲು ಒಂದು ಯೂರಿನ್ ಟೆಸ್ಟ್ ಮಾಡಿಕೊಳ್ಳಿ. ಕಾಪರ್ ಟಿ ಇದ್ದರೆ ಅಲ್ಲಿವರೆಗೂ ಇರಲಿ, ಆಮೇಲೆ ಮರೆಯದೆ ತೆಗೆಸಿ.