ನಾಗವಲ್ಲಿಗೆ ಸಿಟ್ಟು ಬಂದದ್ದೇಕೆ?

ಪ್ರಶ್ನೆ: ಮಾಲಾಶ್ರೀ ಅವರ ಸಿಟ್ಟಿನ ಪಾತ್ರಗಳು ನಿಮಗೆ ಇಷ್ಟವೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಇಷ್ಟ. ಆದರೆ ಯಾವ ಮಾಲಾಶ್ರೀ? 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಅವರ ಸಿಟ್ಟಿಗೆ ಸೊಕ್ಕು ಎಂದು ಹೆಸರು, ಅದನ್ನು ಇಳಿಸಿದವನಿಗೆ ಶಿಳ್ಳೆ. 2004ರ ‘ದುರ್ಗಿ’ಯಲ್ಲಿ ಆ ಸಿಟ್ಟಿಗೇ ಶಿಳ್ಳೆ. ಎರಡೂ ಸಲ ಶಿಳ್ಳೆ ಹೊಡೆದವರಲ್ಲಿ ನನ್ನ ತಮ್ಮನೂ ಒಬ್ಬ.

ಪ್ರಶ್ನೆ: ಮಗಳು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪದವಿ ಓದುತ್ತಿದ್ದಾಳೆ. ಹುಡುಗಿಯರ ಶೌಚಾಲಯದ ಚಿಲಕ ಮುರಿದು ಎರಡು ತಿಂಗಳಾಗಿತ್ತಂತೆ. ತರಗತಿಯಲ್ಲಿ ಎದ್ದು ನಿಂತು ಜೋರಾಗಿಯೇ ಕೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಮೊಬೈಲಿನಲ್ಲಿ ‘ಆಪ್ತಮಿತ್ರ’ ಸಿನಿಮಾದ ನಾಗವಲ್ಲಿಯ ‘ರಾ ರಾ’ ಹಾಡು ಹಚ್ಚಿದರು. ಸಂಜೆಯೊಳಗೆ ಅವಳ ಮುಖಕ್ಕೆ ನಾಗವಲ್ಲಿಯ ಕಣ್ಣು ಅಂಟಿಸಿದ ಚಿತ್ರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿತು. ಆ ಹುಡುಗರೆಲ್ಲ ನಾಗವಲ್ಲಿಯ ಅಭಿಮಾನಿಗಳು, ಅವಳ ರೀಲ್ಸ್ ಹಂಚುವವರು. ‘ಸಿಟ್ಟು ಕಡಿಮೆ ಮಾಡಿಕೋ’ ಎಂದೆ. ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾನು ಹೇಳಿದ್ದು ತಪ್ಪೇ?
– ಒಬ್ಬ ತಾಯಿ, ಗದಗ

ಉತ್ತರ: ತಪ್ಪೇ. ಆದರೆ ನಿಮ್ಮೊಬ್ಬರದಲ್ಲ.

2004ರಲ್ಲಿ ‘ಆಪ್ತಮಿತ್ರ’ ತೆರೆಗೆ ಬರುವ ಹೊತ್ತಿಗೆ ನಾಗವಲ್ಲಿಯಾಗಿ ನಟಿಸಿದ ಸೌಂದರ್ಯ ಬದುಕಿರಲಿಲ್ಲ. ಏಪ್ರಿಲ್‌ನಲ್ಲೇ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಟಾಕೀಸಿನಲ್ಲಿ ಆ ಕಣ್ಣುಗಳನ್ನು ಕಂಡು ಪಕ್ಕದ ಅಪರಿಚಿತ ಹೆಂಗಸಿನ ಕೈ ಹಿಡಿದುಕೊಂಡವಳು ನಾನು. ಆದರೆ ನಾಗವಲ್ಲಿಗೆ ಸಿಟ್ಟು ಬಂದದ್ದೇಕೆ? ಆ ಹುಡುಗರನ್ನು ಕೇಳಿ ನೋಡಿ. ರಾಜ ಅವಳ ಪ್ರಿಯಕರನನ್ನು ಕೊಂದ, ಅವಳನ್ನೂ ಬಿಡಲಿಲ್ಲ. ಅಷ್ಟು ದೊಡ್ಡ ಕಾರಣವಿದ್ದರೂ ಸಿನಿಮಾದಲ್ಲಿ ಅದು ಗಂಗಾ ಎಂಬ ಗೃಹಿಣಿಗೆ ಅಂಟಿದ ಕಾಯಿಲೆ. ವಾಸಿ ಮಾಡಲು ಡಾಕ್ಟರು ಬರುತ್ತಾರೆ. ಸೇಡು ತೀರಿಸಿಕೊಳ್ಳಲು ಕೊನೆಗೆ ಅವಳಿಗೆ ಸಿಗುವುದು ಒಂದು ಬೊಂಬೆ. ರೀಲ್ಸ್‌ನಲ್ಲಿ ಅಷ್ಟೂ ಇಲ್ಲ. ಹದಿನೈದು ಸೆಕೆಂಡು, ಎರಡು ಕಣ್ಣು, ಮುಗಿಯಿತು.

‘ಶರಪಂಜರ’ದ ಕಾವೇರಿಯನ್ನೂ ನೆನೆಯಿರಿ. ಕಲ್ಪನಾ ಮಾಡಿದ ಪಾತ್ರ. ಆಸ್ಪತ್ರೆಯಿಂದ ಗುಣವಾಗಿ ಬಂದವಳು ದನಿ ಏರಿಸಿದರೆ ಮನೆಯವರಿಗೆ ಅದು ಹುಚ್ಚಿನ ಗುರುತು. ಗಂಡನ ಕಳ್ಳಸಂಬಂಧ ಬಯಲಾದಾಗ ಮರಳಿ ಆಸ್ಪತ್ರೆಗೆ ಹೋಗುವವಳೂ ಅವಳೇ.

ನನ್ನದೂ ಒಂದಿದೆ. ಧಾರವಾಡದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ನನ್ನ ವೇತನ ಬಡ್ತಿ ಮೂರು ತಿಂಗಳು ಬಿಲ್ಲಿನಲ್ಲಿ ಬಿಟ್ಟುಹೋಗಿತ್ತು. ಒಂದು ದಿನ ಕಚೇರಿಯ ಮೇಜಿಗೆ ಅಂಗೈ ಬಡಿದು ಕೇಳಿದೆ. ಗುಮಾಸ್ತರ ಕಪ್ಪಿನ ಚಹಾ ಬಸಿಗೆ ಚೆಲ್ಲಿತು. ಅವರು ಬಸಿಯನ್ನೇ ನೋಡುತ್ತ, ‘ಮೇಡಂ ಮೈಮೇಲೆ ಎಲ್ಲಮ್ಮ ಬಂದಿದ್ದಾಳೆ’ ಎಂದರು. ಎಲ್ಲರೂ ನಕ್ಕರು. ಹೇಳಲು ನಾಚಿಕೆ, ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ನಿಜವಾಗಿ ಎಲ್ಲಮ್ಮ ಬಂದಿದ್ದರೆ ಇವರು ನಗುತ್ತಿರಲಿಲ್ಲ. ನಮ್ಮ ಓಣಿಯ ಸೊಸೆಯೊಬ್ಬಳ ಮೈಮೇಲೆ ದೇವಿ ಬಂದಾಗ ಅವಳ ಅತ್ತೆಯೇ ಹಣೆಗೆ ಭಂಡಾರ ಹಚ್ಚಿ, ‘ಏನು ತಪ್ಪಾಯಿತು ತಾಯಿ, ಬಾಯಿ ಬಿಟ್ಟು ಹೇಳು’ ಎಂದು ಸೆರಗೊಡ್ಡಿ ಬೇಡಿಕೊಂಡದ್ದನ್ನು ಕಣ್ಣಾರೆ ಕಂಡವಳು ನಾನು. ಮರುದಿನ ಒಲೆಯ ಮುಂದೆ ಆ ಸೊಸೆ ಅದೇ ಮಾತು ಆಡಿದ್ದರೆ ಅತ್ತೆ ಕಿವಿಗೊಡುತ್ತಿದ್ದಳೇ?

ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆ ಏರಿ ಕತ್ತಿ ಹಿಡಿದ ಚನ್ನಮ್ಮನಿಗೆ ಮಾಲೆ ಹಾಕುತ್ತೇವೆ, ಹಾಕಲೇಬೇಕು. ಅವಳು ನಾಡಿಗಾಗಿ ಸಿಟ್ಟಾದವಳು. ಚಿಲಕಕ್ಕಾಗಿ ಸಿಟ್ಟಾದವಳಿಗೆ ಮಾತ್ರ ‘ರಾ ರಾ’.

ಈ ವಿಷಯದಲ್ಲಿ ನಿಮ್ಮ ಗದುಗಿನ ಕುಮಾರವ್ಯಾಸನೇ ವಾಸಿ. ತುಂಬಿದ ಸಭೆಯಲ್ಲಿ ಕೀಚಕನಿಂದ ಅವಮಾನಗೊಂಡ ದ್ರೌಪದಿ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಆದದ್ದನ್ನೆಲ್ಲ ಹೇಳುತ್ತಾಳೆ. ನೀವು ಗಂಡರೋ ಷಂಡರೋ ಎಂದೂ ಕೇಳುತ್ತಾಳೆ. ಕವಿ ಅವಳ ಮಾತಿಗೆ ಕತ್ತರಿ ಹಾಕಲಿಲ್ಲ, ಮೈಮೇಲೆ ಯಾವ ದೇವಿಯನ್ನೂ ಬರಿಸಲಿಲ್ಲ.

ಆ ಚಿತ್ರವನ್ನು ಅಳಿಸಬಾರದೆಂದು ಮಗಳಿಗೆ ಹೇಳಿ. ದಿನಾಂಕ ಕಾಣುವಂತೆ ಇಟ್ಟುಕೊಂಡು ಪ್ರಾಂಶುಪಾಲರಿಗೆ ಲಿಖಿತ ದೂರು ಕೊಡಲಿ. ಕೆಳಗೆ ನೀವೂ ಸಹಿ ಹಾಕಿ.

ಇನ್ನೊಂದು. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಾಡು ಹಚ್ಚಿದ್ದು ಇದೆ, ಚಿತ್ರ ಓಡಾಡಿದ್ದು ಇದೆ, ಮಗಳು ಮಾತು ಬಿಟ್ಟದ್ದೂ ಇದೆ. ಆ ಚಿಲಕವನ್ನು ಹಾಕಿಸಿದರೋ ಇಲ್ಲವೋ? ಮಗಳನ್ನು ಮಾತಿಗೆಳೆಯುವಾಗ ಮೊದಲು ಅದನ್ನೇ ಕೇಳಿ.