ಬ್ಯಾನರ್ ಹಿಡಿದರೆ ಸಾಕಾ? ಕಾನೂನು ವಿದ್ಯಾರ್ಥಿಗಳ ಉಚಿತ ಸೇವೆ: ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ. ಈಗ ಎರಡನೇ ವರ್ಷ. ಕಾಲೇಜಿನ ಕಾನೂನು ನೆರವು ಘಟಕದಿಂದ ಹಳ್ಳಿಗೆ ಕರೆದುಕೊಂಡು ಹೋಗುತ್ತಾರೆ. ಭಾಷಣ ಆಗುತ್ತದೆ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತೇವೆ. ಇದರ ಬದಲು ಸೀನಿಯರ್ ವಕೀಲರ ಆಫೀಸಿಗೆ ಹೋದರೆ ಕೆಲಸವಾದರೂ ಕಲಿಯಬಹುದು ಅಲ್ವಾ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆ ಭಾಷಣದಿಂದ ಊರಿನವರಿಗೂ ಜಾಸ್ತಿ ಏನೂ ಸಿಗುವುದಿಲ್ಲ. ಆದರೆ ಘಟಕ ಬಿಡಬೇಡಿ. ಅಲ್ಲಿ ಮಾಡುವ ಕೆಲಸ ಬದಲಾಗಲಿ.

ಸೀನಿಯರ್ ಆಫೀಸಿಗೆ ನೀವು ಹೇಗೂ ಹೋಗಲೇಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದರಲ್ಲಿ ಒಮ್ಮೆಯಾದರೂ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರ ಹತ್ತಿರ ಇರಬೇಕು. ಕಾಲೇಜು ಹಿರಿಯ ಅಧ್ಯಾಪಕರ ಉಸ್ತುವಾರಿಯಲ್ಲಿ ಕಾನೂನು ನೆರವು ಘಟಕ ನಡೆಸಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ಘಟಕದಲ್ಲಿ ನಿಜವಾದ ಕೆಲಸ ಕೊಡಿ ಎಂದು ಕೇಳಲು ಹಿಂಜರಿಯಬೇಡಿ.

ಇನ್ನು ಕೆಲಸದ ವಿಷಯ. ಮುಂದಿನ ಸಲ ಹಳ್ಳಿಗೆ ಹೋದಾಗ ಭಾಷಣ ಹತ್ತೇ ನಿಮಿಷಕ್ಕೆ ಮುಗಿಯಲಿ. ಆಮೇಲೆ ಶಾಲೆಯ ಜಗಲಿ ಮೇಲೆ ಕುರ್ಚಿ ಹಾಕಿಕೊಂಡು ಇಬ್ಬಿಬ್ಬರಾಗಿ ಕೂತುಕೊಳ್ಳಿ. ಜನ ಕಾಗದ ಹಿಡಿದುಕೊಂಡೇ ಬರುತ್ತಾರೆ. ಆಲೂರು, ಸಕಲೇಶಪುರದ ಕಡೆ ಆನೆ ತುಳಿದ ಗದ್ದೆಗೆ ಪರಿಹಾರದ ಅರ್ಜಿ, ಇನ್ನೊಂದು ಕಡೆ ಬಗರ್‌ಹುಕುಂ ಅರ್ಜಿ, ಅಂದರೆ ಉಳುಮೆ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅನ್ನುವ ಅರ್ಜಿ. ಎಲ್ಲ ಕಡೆಯೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು.

ಪೌತಿ ಖಾತೆಯನ್ನೇ ನೋಡೋಣ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರ್ ತೆಗೆದು ನಿಮ್ಮ ಮುಂದಿಡುತ್ತಾರೆ. ಒಳಗೆ ಹಳೆ ಪಹಣಿ, ಕಂದಾಯದ ರಸೀದಿ, ರೇಷನ್ ಕಾರ್ಡಿನ ಜೆರಾಕ್ಸ್. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ ಕಾಲಂ 9ರಲ್ಲಿ ಇನ್ನೂ ಅವರ ಮಾವನ ಹೆಸರಿದೆ. ಮಾವನೂ ಇಲ್ಲ, ಗಂಡನೂ ಇಲ್ಲ. ಅಂದರೆ ಎರಡು ಮರಣ ಪ್ರಮಾಣಪತ್ರ ಬೇಕು, ಮಾವನಿಂದ ಶುರುವಾಗುವ ವಂಶವೃಕ್ಷ ಬೇಕು. ಕಾಲಂ 11 ನೋಡಿದಿರಾ? ಸೊಸೈಟಿ ಸಾಲ ಅಲ್ಲಿ ದಾಖಲಾಗಿರಬಹುದು. ಕೊನೆಗೆ ಮುಖ್ಯ ಪ್ರಶ್ನೆ: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯಾ? ಮದುವೆಯಾಗಿ ಹೋದವರನ್ನು ಬರೆಸದೆ ಬಿಡುವುದು ನಮ್ಮ ಕಡೆ ಮಾಮೂಲು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಇದನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಆ ಹೆಣ್ಣುಮಕ್ಕಳ ಅಣ್ಣತಮ್ಮಂದಿರು ಪಕ್ಕದಲ್ಲೇ ನಿಂತಿರುವಾಗ ಆ ಅಜ್ಜಿಗೆ ಜಗಳ ಎಬ್ಬಿಸದೆ, ಸುಳ್ಳೂ ಹೇಳದೆ ಅದನ್ನು ತಿಳಿಸುವುದು ಬೇರೆಯೇ ವಿದ್ಯೆ. ಅದಕ್ಕಾಗಿಯೇ ನಾನು ಘಟಕ ಬಿಡಬೇಡಿ ಅನ್ನುತ್ತಿರುವುದು. ಆಫೀಸಿನಲ್ಲಿ ಕಕ್ಷಿದಾರರ ಜೊತೆ ಮಾತಾಡುವವರು ಸೀನಿಯರ್. ಇಲ್ಲಿ ಮಾತಾಡುವವರು ನೀವು.

ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಿರಬೇಕು. ಸನ್ನದು, ಅಂದರೆ ವಕೀಲಿ ಮಾಡಲು ಪರವಾನಗಿ, ಸಿಗುವವರೆಗೆ ವಕಾಲತ್ತು ಹಾಕುವಂತಿಲ್ಲ, ವಕೀಲರಂತೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. 1961ರ ವಕೀಲರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಇದಕ್ಕೆ ಆರು ತಿಂಗಳವರೆಗೆ ಜೈಲು ಇದೆ. ವಿಷಯ ಕೇಳಿ ಬರೆದುಕೊಳ್ಳಿ, ಕಾಗದ ಜೋಡಿಸಿ, ಅರ್ಜಿ ಬರೆದುಕೊಡಿ. ಸಲಹೆಯನ್ನು ಮಾತ್ರ ಅಧ್ಯಾಪಕರಿಗೋ ಉಚಿತ ಕಾನೂನು ನೆರವಿಗೆ ನೇಮಿಸಿರುವ ಪ್ಯಾನೆಲ್ ವಕೀಲರಿಗೋ ತೋರಿಸಿಯೇ ಕೊಡಿ. ಖರ್ಚಿಗೆ ಅಂತ ಪ್ರೀತಿಯಿಂದ ಕೊಟ್ಟರೂ ದುಡ್ಡು ಮುಟ್ಟಬೇಡಿ. ಅವರ ಕಾಗದದ ಫೋಟೋ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹೋಗಲೇಬಾರದು. ಒಂದು ರಿಜಿಸ್ಟರ್ ಇಟ್ಟು, ಯಾರ ಕೆಲಸ ಎಲ್ಲಿಗೆ ಬಂತು ಅಂತ ಬರೆಯಿರಿ. ಮುಂದಿನ ಬ್ಯಾಚಿನವರು ಅಲ್ಲಿಂದಲೇ ಮುಂದುವರಿಸಲಿ. ಒಂದೇ ಸಲ ಬಂದು ಆಸೆ ಹುಟ್ಟಿಸಿ ಮಾಯವಾಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ನಾವು ಮೂಡಿಗೆರೆಯ ಸಣ್ಣ ಕಾಫಿ ಬೆಳೆಗಾರರು. ಮಗಳು ಐದು ವರ್ಷದ ಕಾನೂನು ಕೋರ್ಸಿನಲ್ಲಿದ್ದಾಳೆ. ರಜೆಯಲ್ಲೂ ಉಚಿತ ಸೇವೆ ಅಂತ ಓಡಾಡುತ್ತಾಳೆ. ಸುಮ್ನೆ ಟೈಮ್ ವೇಸ್ಟ್ ಅಲ್ವಾ?

ಉತ್ತರ: ಅಲ್ಲ ಸರ್. ಐದು ವರ್ಷದವರಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಸ್ವಯಂಸೇವಾ ಸಂಸ್ಥೆಗಳಲ್ಲಿ ಮಾಡಿದ ಕೆಲಸವನ್ನೂ ಅದಕ್ಕೆ ಲೆಕ್ಕ ಹಿಡಿಯಬಹುದು. ಕಾಲೇಜಿನಿಂದ ಮೊದಲೇ ಪತ್ರ ಪಡೆಯಲಿ, ಡೈರಿ ಬರೆಯಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2015ರಿಂದ, ಹೊಸದಾಗಿ ವಕೀಲರಾಗುವವರು ಸಾಮಾನ್ಯವಾಗಿ ಮೊದಲು 50 ಗಂಟೆ ಉಚಿತ ಕಾನೂನು ಸೇವೆ ಮಾಡಿರಲೇಬೇಕು. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟು ಇಲ್ಲ. ಆದರೂ ನಿಮ್ಮ ಮಗಳು ತಾನಾಗಿಯೇ ಮಾಡುತ್ತಿದ್ದಾಳೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕಿಯಾಗಲು ಅರ್ಜಿ ಹಾಕಲಿ. ಕಾನೂನು ವಿದ್ಯಾರ್ಥಿಗಳಿಗೂ ಅವಕಾಶವಿದೆ, ತರಬೇತಿ ಕೊಡುತ್ತಾರೆ. ದೂರದ ತೋಟದಲ್ಲಿ ಕೂಲಿಯವರು ಇರುವ ಲೈನ್ ಮನೆಗಳಿಗೆ ಹೋಗುವಾಗ ಮಾತ್ರ ಒಬ್ಬಳೇ ಹೋಗುವುದು ಬೇಡ, ಜೊತೆಗೆ ಅಧ್ಯಾಪಕರೋ ಸಹಪಾಠಿಗಳೋ ಇರಲಿ.

ಪ್ರಶ್ನೆ: ಮೇಡಂ, ನಾನು ಮಗುವಿನ ಜೊತೆ ಬೇಲೂರಿನಲ್ಲಿ ತವರುಮನೆಯಲ್ಲಿದ್ದೇನೆ. ಗಂಡ ಬೆಂಗಳೂರಿನಲ್ಲಿದ್ದಾರೆ, ಖರ್ಚಿಗೆ ಕೊಡುತ್ತಿಲ್ಲ. ನಮ್ಮೂರಿಗೆ ಬಂದಿದ್ದ ಕಾನೂನು ಕಾಲೇಜಿನ ಮಕ್ಕಳು ನನ್ನ ಕೇಸು ನಡೆಸಿಕೊಡುತ್ತಾರಾ?

ಉತ್ತರ: ಕೇಸು ಅವರು ನಡೆಸುವಂತಿಲ್ಲಮ್ಮ. ಆದರೆ ನಿಮಗೆ ಉಚಿತವಾಗಿ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಹತ್ತಿರವೇ ಇರುತ್ತದೆ. ಮೊದಲು ವಿಚಾರಿಸಬೇಕು ಅಂದರೆ 15100ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡು ಹೋಗುವುದಿಲ್ಲ. ಜೀವನಾಂಶದ ಅರ್ಜಿಯನ್ನು ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಗಂಡನ ಕೆಲಸದ ವಿವರ ತೆಗೆದುಕೊಂಡು ಹೋಗಿ. ಅರ್ಜಿ ಬರೆಯಲು, ಕಾಗದ ಜೋಡಿಸಲು ಆ ವಿದ್ಯಾರ್ಥಿಗಳನ್ನೇ ಕರೆಯಿರಿ, ಸಮಿತಿಯವರೆಗೆ ಜೊತೆಗೂ ಬರಬಹುದು.