ಕೆಳಗಿನ ಮಹಡಿಯ ಬಾಣಂತಿ

ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟೊಂದರಿಂದ ಧಾರವಾಡ ಮೂಲದ ಓದುಗರೊಬ್ಬರು ಬರೆದಿದ್ದಾರೆ. ಬಾಣಂತನ ಮುಗಿಸಿ ಐದು ತಿಂಗಳ ಮಗಳೊಂದಿಗೆ ತವರಿನಿಂದ ಮರಳಿದ ಮೇಲೆ ಅವರಿಗೆ ಹಗಲೆಲ್ಲ ಮಾತಿಗೆ ಜನವಿಲ್ಲ. ಕಾಲೇಜಿನ ಗೆಳತಿಯರು ಬೆಳಗಿನ ಸಂದೇಶಕ್ಕೆ ರಾತ್ರಿ ಉತ್ತರ ಕೊಡುತ್ತಾರೆ. ಕೆಳಗಿನ ಮಹಡಿಯಲ್ಲಿ ಅದೇ ವಯಸ್ಸಿನ ಕೂಸಿನ ತಾಯಿ ಇದ್ದಾರೆ. ‘ಆದರೆ ಅವರದು ತೆಲುಗು, ಅಭಿರುಚಿಯೂ ಬೇರೆಯಿದ್ದಂತಿದೆ, ಸುಮ್ಮನೆ ಹೋಗಿ ಬಾಗಿಲು ತಟ್ಟುವುದು ಹೇಗೆ?’ ಎನ್ನುತ್ತಾರೆ. ‘ಮನೆಯಲ್ಲಿ ನಾನಿದ್ದೇನೆ, ಕೂಸಿದೆ, ಮತ್ತೆ ಗೆಳತಿಯರು ಯಾಕೆ?’ ಎಂಬುದು ಅತ್ತೆಯವರ ಮಾತು. ತಾಯಿಯಾದವಳು ಗೆಳತಿಯನ್ನು ಬಯಸುವುದು ಸ್ವಾರ್ಥವೇ ಎಂಬುದು ಈ ಓದುಗರ ಪ್ರಶ್ನೆ.

ಸಂಪಾದಕರ ಉತ್ತರ:

ಖಂಡಿತ ಸ್ವಾರ್ಥವಲ್ಲ. ನಿಮ್ಮ ಅತ್ತೆಯವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಹಂಡೆಯ ಬಿಸಿನೀರು, ಅಂಟಿನುಂಡಿ, ಸಾಂಬ್ರಾಣಿ ಹೊಗೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಅಜ್ಜಿ, ಇವೆಲ್ಲ ಬಳಲಿದ ಮೈಯನ್ನು ಎತ್ತಿ ನಿಲ್ಲಿಸುತ್ತವೆ. ಆದರೆ ಆ ಏರ್ಪಾಡು ಐದನೆಯ ತಿಂಗಳಿಗೆ ಮುಗಿದುಹೋಗುತ್ತದೆ. ತವರಿನ ಓಣಿಯಲ್ಲಿ ಕೂಸನ್ನು ನೋಡಲು ಬರುತ್ತಿದ್ದ ಹತ್ತಾರು ಹೆಂಗಸರನ್ನು ಬಿಟ್ಟು, ಅಕ್ಕಪಕ್ಕದ ಬಾಗಿಲುಗಳು ಸದಾ ಮುಚ್ಚಿರುವ ಮಹಡಿಯೊಂದಕ್ಕೆ ತಾಯಿ ಬಂದಿಳಿಯುವುದು ಸರಿಯಾಗಿ ಆ ಹೊತ್ತಿಗೇ. ಹಿರಿಯರು ತಮ್ಮ ಕಾಲದ ಅನುಭವದಿಂದ ಬುದ್ಧಿ ಹೇಳಬಲ್ಲರು. ನಿನ್ನೆ ರಾತ್ರಿ ಮೂರು ಗಂಟೆಗೆ ತಾನೂ ಎದ್ದು ಕುಳಿತಿದ್ದೆ ಎನ್ನಬಲ್ಲವಳು ಇನ್ನೊಬ್ಬ ಹೊಸ ತಾಯಿ ಮಾತ್ರ.

ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಪಡಸಾಲೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂಬುದು ನಿಯಮ. ಒಬ್ಬಾಕೆ ಅಳುವ ಮಗನನ್ನು ಹೆಗಲಿಗೆ ಹಾಕಿಕೊಂಡು, ಮತ್ತೊಂದು ಕೈಯಲ್ಲಿ ಜ್ವರದ ಡ್ರಾಪ್ಸಿನ ಬಾಟಲಿಯನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡುತ್ತಿದ್ದಳು. ಪಕ್ಕದವಳು ಕೇಳದೆಯೇ ಬಾಟಲಿಯನ್ನು ತೆಗೆದುಕೊಂಡು, ನರ್ಸ್ ತನಗೆ ಹೇಳಿದ್ದ ಗೆರೆಯ ಮೇಲೆ ಉಗುರಿಟ್ಟು ತೋರಿಸಿ, ‘ಹೋದ ಸಲ ನಿಮ್ಮ ಕೂಸಿಗೂ ಜ್ವರ ಬಂದಿತ್ತೇನ್ರಿ?’ ಎಂದಳು. ಅಲ್ಲಿಂದ ಮಾತು ನಿದ್ದೆಗೆ, ಹಾಲಿಗೆ, ಗಂಡಂದಿರಿಗೆ ಹರಿಯಿತು. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗಳಿಗೆ ಬರುವವರು ಬಹುಮಟ್ಟಿಗೆ ಅದೇ ತಾಯಂದಿರು. ಸ್ನೇಹಕ್ಕೆಂದು ಯಾರೂ ಏರ್ಪಡಿಸದಿದ್ದರೂ ಅದು ಸ್ನೇಹಕ್ಕೆ ಒದಗಿಬಂದ ವ್ಯವಸ್ಥೆ.

ಆದ್ದರಿಂದಲೇ, ಅಭಿರುಚಿಯ ಬಗ್ಗೆ ನೀವು ಬರೆದ ಸಾಲಿಗೆ ನನ್ನ ಪ್ರೀತಿಯ ಆಕ್ಷೇಪಣೆಯಿದೆ. ಸಮಾನ ಅಭಿರುಚಿಯವರೇ ಬೇಕೆಂದು ಕಾಯುವುದು ಕಾಲೇಜಿನ ದಿನಗಳ ಅಭ್ಯಾಸ. ಆಗ ನಮ್ಮ ಬಳಿ ಬೇಕಾದಷ್ಟು ಹೊತ್ತಿತ್ತು. ಪರಿಚಯವೊಂದು ಆಪ್ತ ಸ್ನೇಹವಾಗಲು ಸುಮಾರು 200 ಗಂಟೆಗಳ ಒಡನಾಟ ಬೇಕೆಂದು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ತಮ್ಮ ಅಧ್ಯಯನದಲ್ಲಿ ಅಂದಾಜಿಸಿದ್ದಾರೆ. ಎರಡು ಗಂಟೆಗೊಮ್ಮೆ ಹಾಲೂಡಿಸುವ ತಾಯಿ ಅಷ್ಟು ಹೊತ್ತನ್ನು ಎಲ್ಲಿಂದ ತಂದಾಳು? ಊರಿನ ಆ ತುದಿಯಲ್ಲಿರುವ ಸಮಾನಮನಸ್ಕಳಿಗಾಗಿ ಆಕೆ ಸಿಲ್ಕ್‌ಬೋರ್ಡಿನ ದಟ್ಟಣೆಯನ್ನು ದಾಟಿ ಹೋಗಲಾರಳು. ಮೆಟ್ಟಿಲಿಳಿದರೆ ಸಿಗುವವಳ ಜೊತೆಗಾದರೆ, ಬಟ್ಟೆ ಮಡಿಸುತ್ತಲೋ ಗಂಜಿ ಆರಿಸುತ್ತಲೋ ದಿನಕ್ಕೆ ಇಪ್ಪತ್ತು ನಿಮಿಷ ತಾನಾಗಿ ಕೂಡಿಬರುತ್ತದೆ. ಇನ್ನು ತೆಲುಗಿನ ಮಾತು: ಬೆಂಗಳೂರಿನಲ್ಲಿ ಅರೆಬರೆ ತೆಲುಗು, ಅರೆಬರೆ ಕನ್ನಡದಲ್ಲಿ ಎಷ್ಟು ಸಂಸಾರಗಳು ನೆರೆಹೊರೆಯಾಗಿ ಬಾಳಿಲ್ಲ?

ತಾಯಂದಿರು ಸುಮ್ಮನೆ ಒಟ್ಟಿಗೆ ಕೂರುವುದರ ಬಲವನ್ನು ನಾವು ಬಹಳ ಕಡಿಮೆ ಅಂದಾಜು ಮಾಡುತ್ತೇವೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ ಏಕ್‌ಜುಟ್ ಎಂಬ ಸಂಸ್ಥೆ ಹಳ್ಳಿಯ ಹೆಂಗಸರನ್ನು ತಿಂಗಳಿಗೊಮ್ಮೆ ಸೇರಿಸಿ, ಬಸಿರು ಬಾಣಂತನಗಳ ತೊಂದರೆಗಳಿಗೆ ಅವರೇ ದಾರಿ ಹುಡುಕುವಂತೆ ಮಾಡಿತು. 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಥ ಗುಂಪುಗಳಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಅಲ್ಲಿ ನವಜಾತ ಶಿಶುಗಳ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತು. ಮೂರನೆಯ ವರ್ಷದಲ್ಲಿ ತಾಯಂದಿರ ಮಧ್ಯಮ ಪ್ರಮಾಣದ ಖಿನ್ನತೆಯೂ ಶೇ 57ರಷ್ಟು ಕಡಿಮೆಯಿತ್ತು. ನಮ್ಮ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭಿಸಿದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕಿತ್ತು. ಮಲೆನಾಡಿನ ಬಿಡಿ ಮನೆಗಳಿಂದ ದಿನವೂ ನಡೆದು ಬರುವುದು ಕಷ್ಟವೆಂಬ ದೂರು ನ್ಯಾಯವಾದದ್ದೇ. ಆದರೂ ನಾಲ್ವರು ಬಾಣಂತಿಯರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದರಲ್ಲಿ ಅನ್ನ, ಮೊಟ್ಟೆ, ಚಿಕ್ಕಿಗಳ ಲೆಕ್ಕಕ್ಕೆ ಸಿಗದ ಒಂದು ಪೋಷಣೆಯೂ ಇದೆ ಎಂಬುದು ನನ್ನ ದೃಢ ನಂಬಿಕೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಬೇಸರ ಎರಡು ವಾರ ಮೀರಿ ಉಳಿದರೆ, ಕೂಸಿನ ಮೇಲೂ ಮನಸ್ಸು ನಿಲ್ಲದಿದ್ದರೆ, ಗೆಳತಿಗಾಗಿ ಕಾಯದೆ ವೈದ್ಯರನ್ನು ಕಾಣಿರಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ.

ನನ್ನ ಸಿಟ್ಟು ನಿಮ್ಮ ಸಂಕೋಚದ ಮೇಲಲ್ಲ, ನಮ್ಮ ಏರ್ಪಾಡುಗಳ ಮೇಲೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು; ಆ 26 ವಾರಗಳ ಹಗಲನ್ನು ತಾಯಿ ಯಾರೊಂದಿಗೆ ಕಳೆಯಬೇಕೆಂದು ಕೇಳಿದವರಿಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗೆ ಹಳ್ಳಿಗಳಲ್ಲಿ ‘ಕೂಸಿನ ಮನೆ’ ತೆರೆದಿದ್ದಾರೆ, ಬಹಳ ಸಂತೋಷ. ಕೋಟಿ ಬೆಲೆಯ ಅಪಾರ್ಟ್‌ಮೆಂಟಿನಲ್ಲಿ ಜಿಮ್ ಉಂಟು, ಈಜುಕೊಳ ಉಂಟು. ಕೂಸಿನೊಂದಿಗೆ ಕೂರಲು ನೆರಳಿನ ಬೆಂಚು ಮಾತ್ರ ಇಲ್ಲ. ಹುಟ್ಟುಹಬ್ಬಗಳಿಗಷ್ಟೇ ಬೀಗ ತೆಗೆಯುವ ಸಭಾಂಗಣವನ್ನು ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತಾಯಂದಿರಿಗೆ ಬಿಟ್ಟುಕೊಡಲು ಸಂಘದವರಿಗೆ ಆಗುವ ನಷ್ಟವಾದರೂ ಏನು? ಇದನ್ನು ಓದುತ್ತಿರುವ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಎತ್ತಬೇಕೆಂದು ನನ್ನ ಮನವಿ. ನಿಮ್ಮ ಪತಿಯವರೂ ಆ ಸಭೆಗೆ ಹೋಗಿ ದನಿಗೂಡಿಸಲಿ.

ಅತ್ತೆಯವರ ವಿಷಯಕ್ಕೆ ಬರೋಣ. ಅವರೂ ತಮ್ಮ ಓಣಿಯನ್ನು ಬಿಟ್ಟು, ನಿಮ್ಮ ಕೂಸಿಗಾಗಿ ಗುರುತಿಲ್ಲದ ಊರಿಗೆ ಬಂದವರಲ್ಲವೇ? ‘ಗೆಳತಿಯರು ಯಾಕೆ?’ ಎನ್ನುವ ಅವರನ್ನು ಮಾತನಾಡಿಸಲು ಆ ಕಟ್ಟಡದಲ್ಲಿ ಯಾರಿದ್ದಾರೆ? ನಾಳೆ ಮಧ್ಯಾಹ್ನ ಕೂಸು ಎದ್ದ ಮೇಲೆ ಡಬ್ಬಿಯಲ್ಲಿ ನಾಲ್ಕು ಅಂಟಿನುಂಡಿ ಹಾಕಿಕೊಂಡು, ಅವರನ್ನೂ ಕರೆದುಕೊಂಡೇ ಕೆಳಗಿನ ಮನೆಗೆ ಹೋಗಿರಿ. ‘ನಿಮ್ಮ ಪಾಪುವಿಗೆ ಎಷ್ಟು ತಿಂಗಳು?’ ಎಂದು ಕೇಳಿದರೆ ಸಾಕು, ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಿ ಸುಮ್ಮನಾದ ತಾಯಿಯನ್ನು ನಾನಂತೂ ಕಂಡಿಲ್ಲ. ಒಂಬತ್ತನೆಯ ತಿಂಗಳ ದಡಾರ ಲಸಿಕೆಗೆ ಇಬ್ಬರೂ ಒಟ್ಟಿಗೆ ಹೋಗಿಬನ್ನಿ, ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.